ಏರು ಹತ್ತುವ ಸೈಕಲ್, ಹಿಂದಕ್ಕೆ ತಿರುಗುವ ಚಕ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಸೈಕಲ್ ತುಳಿಯುವವರಿಗೂ ದಾರಿಗೂ ನಡುವೆ ಗಾಜಿಲ್ಲ, ಇಂಜಿನ್ ಸದ್ದಿಲ್ಲ. ಬೇಕೆನಿಸಿದಲ್ಲಿ ಕಾಲೂರಿ ನಿಲ್ಲಬಹುದು. ಕಾರಿನಲ್ಲಿ ಹೋಗುವವರ ಗಮನಕ್ಕೇ ಬಾರದ ಎಷ್ಟೋ ನೋಟಗಳು ಸೈಕಲ್ ಸವಾರರ ಕಣ್ಣಿಗೆ ಬೀಳುವುದು ಇದರಿಂದಲೇ. ಅಂಥ ನೋಟಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಸಾಧ್ಯವಾದ ಕಡೆಯಲ್ಲೆಲ್ಲ, ನೀವೇ ಪರೀಕ್ಷಿಸಿ ನೋಡುವ ಬಗೆಯನ್ನೂ ಬರೆದಿದ್ದೇವೆ.

ಪ್ರಶ್ನೆ: ಮಧ್ಯಾಹ್ನದ ಹೊತ್ತು ಡಾಂಬರು ರಸ್ತೆಯಲ್ಲಿ ಮುಂದೆ ನೀರು ನಿಂತಂತೆ ಕಾಣುತ್ತದೆ. ಬಿಸಿಲ್ಗುದುರೆ ಎಂದು ಗೊತ್ತು. ಆದರೆ ಎಷ್ಟು ತುಳಿದರೂ ಅದು ಅಷ್ಟೇ ದೂರದಲ್ಲಿ ಉಳಿಯುವುದು ಹೇಗೆ?

ಉತ್ತರ: ಆ ‘ನೀರು’ ರಸ್ತೆಯ ಯಾವುದೋ ಒಂದು ಜಾಗಕ್ಕೆ ಸೇರಿದ್ದಲ್ಲ, ನಿಮ್ಮ ಕಣ್ಣು ರಸ್ತೆಯನ್ನು ನೋಡುವ ಕೋನಕ್ಕೆ ಸೇರಿದ್ದು. ಕಾದ ಡಾಂಬರಿಗೆ ತಾಗಿಕೊಂಡ ಗಾಳಿ ಮೇಲಿನ ಗಾಳಿಗಿಂತ ಬಿಸಿ, ಹಾಗಾಗಿ ಹೆಚ್ಚು ತೆಳು. ಆಕಾಶದಿಂದ ತೀರಾ ಓರೆಯಾಗಿ ಇಳಿದು ಬರುವ ಬೆಳಕು ಈ ಪದರದಲ್ಲಿ ನೆಲ ಮುಟ್ಟದೆಯೇ ಮೇಲಕ್ಕೆ ಬಾಗಿ ಕಣ್ಣು ಸೇರುತ್ತದೆ. ನೆಲದ ಮೇಲೆ ನಿಮಗೆ ಕಾಣುವುದು ಆಕಾಶದ ಒಂದು ಚೂರು.

ಗಾಳಿಗೆ ಬೆಳಕನ್ನು ಬಾಗಿಸುವ ಶಕ್ತಿ ಬಹಳ ಕಡಿಮೆ. ನೆಲಕ್ಕೆ ತಾಗಿದ ಗಾಳಿಗೂ ಕಣ್ಣಿನ ಎತ್ತರದ ಗಾಳಿಗೂ 20 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದೆ ಎಂದುಕೊಳ್ಳಿ. ಆಗ ನಿಮ್ಮ ನೋಟ ರಸ್ತೆಯೊಂದಿಗೆ ಒಂದು ಡಿಗ್ರಿಯ ಮೂರನೇ ಒಂದು ಪಾಲಿನಷ್ಟು ಅಥವಾ ಅದಕ್ಕಿಂತ ಕಡಿಮೆ ಕೋನ ಮಾಡಿದರೆ ಮಾತ್ರ ಬಿಸಿಲ್ಗುದುರೆ ಕಾಣುತ್ತದೆ. ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ಆ ಕೋನ ಸಿಗುವುದು ಸುಮಾರು 270 ಮೀಟರ್ ಆಚೆ. ನೀವು 10 ಮೀಟರ್ ಮುಂದೆ ಹೋದರೆ ಅದೂ 10 ಮೀಟರ್ ಮುಂದೆ ಹೋಗುತ್ತದೆ. ರಸ್ತೆಯ ಅಂಚಿನಲ್ಲಿ ಸೈಕಲ್ ನಿಲ್ಲಿಸಿ, ಕಣ್ಣು 80 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಕುಕ್ಕರುಗಾಲಲ್ಲಿ ಕೂತು ನೋಡಿ. ‘ನೀರು’ ಅರ್ಧದಷ್ಟು ದೂರಕ್ಕೆ ಬಂದು ನಿಲ್ಲುತ್ತದೆ.

ಒಂದು ಎಚ್ಚರ. ಬಿಸಿಲ್ಗುದುರೆಯೊಳಗಿಂದ ಎದುರು ಬರುವ ವಾಹನದ ಚಕ್ರಗಳು ಕಾಣುವುದಿಲ್ಲ, ವಾಹನ ತೇಲಿದಂತೆ ತೋರುತ್ತದೆ. ಅದರ ದೂರವನ್ನೂ ವೇಗವನ್ನೂ ಕಣ್ಣಳತೆಯಲ್ಲಿ ನಂಬಿ ರಸ್ತೆ ದಾಟಬೇಡಿ.

ಪ್ರಶ್ನೆ: ರಾತ್ರಿ ಬೀದಿದೀಪದ ಕೆಳಗೆ ಹೋಗುತ್ತಿದ್ದ ಸ್ನೇಹಿತನ ಸೈಕಲ್ಲಿನ ಚಕ್ರ ನಿಂತೇ ಬಿಟ್ಟಂತೆ, ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಂಡಿತು. ಹಗಲಲ್ಲಿ ಹೀಗೆ ಕಾಣುವುದೇ ಇಲ್ಲ. ಕಣ್ಣಿನ ದೋಷವೇ?

ಉತ್ತರ: ದೋಷ ಕಣ್ಣಿನದಲ್ಲ. 50 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದಕ್ಕೂ 50 ಸಲ ಮುಂದಕ್ಕೂ ಹರಿಯುತ್ತದೆ, ಹಾಗಾಗಿ ಅದರಲ್ಲಿ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತವೆ. ನಮಗೆ ಬೆಳಕು ಒಂದೇ ಸಮ ಇದ್ದಂತೆ ತೋರಿದರೂ ತಿರುಗುವ ಕಡ್ಡಿಗಳ ಮೇಲೆ ಅದು ಸೆಕೆಂಡಿಗೆ ನೂರು ಬಾರಿ ಮಿನುಗುತ್ತಿರುತ್ತದೆ. ಒಂದು ಮಿನುಗಿಗೂ ಮುಂದಿನದಕ್ಕೂ ನಡುವೆ ಪ್ರತಿ ಕಡ್ಡಿಯೂ ಸರಿಯಾಗಿ ತನ್ನ ಮುಂದಿನ ಕಡ್ಡಿಯ ಜಾಗಕ್ಕೆ ಬಂದು ನಿಂತರೆ, ನೋಡುವವರಿಗೆ ಚಿತ್ರ ಬದಲಾಗುವುದೇ ಇಲ್ಲ. ಚಕ್ರ ನಿಂತಿದೆ ಎಂದೇ ಕಾಣುತ್ತದೆ.

ಇದು ಯಾವ ವೇಗದಲ್ಲಿ ಆಗುತ್ತದೆ ಎಂದು ಲೆಕ್ಕ ಹಾಕಬಹುದು. ಚಕ್ರದ ಸುತ್ತಳತೆ 2.1 ಮೀಟರ್, ಕಡ್ಡಿಗಳು 36 ಎಂದಾದರೆ, ಟೈರಿನ ಸುತ್ತ ಅಳೆದಾಗ ಒಂದು ಕಡ್ಡಿಯಿಂದ ಇನ್ನೊಂದಕ್ಕೆ 5.83 ಸೆಂಟಿಮೀಟರ್. ಸೆಕೆಂಡಿಗೆ ನೂರು ಸಲ ಅಷ್ಟು ಸರಿದರೆ ವೇಗ ಸೆಕೆಂಡಿಗೆ 5.83 ಮೀಟರ್, ಅಂದರೆ ಗಂಟೆಗೆ 21 ಕಿಲೋಮೀಟರ್. ಸವಾರ ತುಸು ನಿಧಾನಿಸಿ 20ಕ್ಕೆ ಬಂದರೆ ಪ್ರತಿ ಮಿನುಗಿಗೂ ಕಡ್ಡಿ ಅರ್ಧ ಡಿಗ್ರಿಯಷ್ಟು ಹಿಂದೆ ಬೀಳುತ್ತದೆ. ಚಕ್ರ ಏಳೂವರೆ ಸೆಕೆಂಡಿಗೆ ಒಂದು ಸುತ್ತಿನಂತೆ ಹಿಂದಕ್ಕೆ ತಿರುಗಿದಂತೆ ತೋರುತ್ತದೆ. ವೇಗ 22 ಆದರೆ ಅಷ್ಟೇ ನಿಧಾನವಾಗಿ ಮುಂದಕ್ಕೆ. ಹತ್ತೂವರೆ ಕಿಲೋಮೀಟರಿನಲ್ಲಿ ಇನ್ನೂ ಸೊಗಸು: ಕಡ್ಡಿಗಳು ಅರ್ಧರ್ಧ ಅಂತರ ಸರಿಯುವುದರಿಂದ 36ರ ಬದಲು 72 ಕಡ್ಡಿಗಳ ಚಕ್ರ ನಿಂತಂತೆ ಕಾಣುತ್ತದೆ. 32 ಕಡ್ಡಿಯ ಚಕ್ರಕ್ಕೆ ನಿಲ್ಲುವ ವೇಗ ಸುಮಾರು 23.6. 60 ಹರ್ಟ್ಸ್ ವಿದ್ಯುತ್ ಇರುವ ದೇಶಗಳಲ್ಲಿ ಮಿನುಗು ಸೆಕೆಂಡಿಗೆ 120, ಆದ್ದರಿಂದ ಅಲ್ಲಿ 36 ಕಡ್ಡಿಗೆ 25.2.

ಮನೆಯಲ್ಲೇ ನೋಡಬೇಕೆಂದರೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಮಿನುಗುವ ದೀಪದ ಕೆಳಗೆ ಮುಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ ಬಿಡಿ. ವೇಗ ಇಳಿಯುತ್ತಾ ಹೋದಂತೆ ಚಕ್ರ ಹಲವು ಸಲ ‘ನಿಂತು’ ಮತ್ತೆ ಹೊರಡುತ್ತದೆ. ಏನೂ ಕಾಣದಿದ್ದರೆ ನಿಮ್ಮ ದೀಪ ಮಿನುಗದ ಜಾತಿಯದು. ಒಳ್ಳೆಯ ಎಲ್ಇಡಿ ದೀಪಗಳು ಹಾಗಿರುತ್ತವೆ. ಬಿಸಿಲು ಕೂಡ ಮಿನುಗುವುದಿಲ್ಲ, ಹಗಲಲ್ಲಿ ನಿಮಗೆ ಇದು ಕಾಣದಿರಲು ಅದೇ ಕಾರಣ. ನಿಂತಂತೆ ಕಾಣುವ ಚಕ್ರ ನಿಜಕ್ಕೂ ತಿರುಗುತ್ತಲೇ ಇರುತ್ತದೆ ಎಂಬುದು ಮಾತ್ರ ನೆನಪಿರಲಿ. ಕಡ್ಡಿಗಳ ನಡುವೆ ಬೆರಳು ಹಾಕಿದರೆ ಮುರಿದೇ ಹೋಗುತ್ತದೆ. ಮಕ್ಕಳಿಗೆ ತೋರಿಸುವಾಗ ಅವರನ್ನು ಒಂದು ಮಾರು ದೂರ ನಿಲ್ಲಿಸಿ. ಸವಾರಿ ಮಾಡುತ್ತಾ ನಿಮ್ಮದೇ ಮುಂದಿನ ಚಕ್ರವನ್ನು ಬಗ್ಗಿ ನೋಡುವ ಸಾಹಸವಂತೂ ಬೇಡ.

ಪ್ರಶ್ನೆ: ಕಂಬಿಬೇಲಿಯ ಆಚೆ ಹೋಗುತ್ತಿದ್ದ ಸೈಕಲ್ಲಿನ ಕಡ್ಡಿಗಳು ಬಿಲ್ಲಿನಂತೆ ಬಾಗಿ ಕಂಡವು. ಇದಕ್ಕೂ ದೀಪವೇ ಕಾರಣವೇ?

ಉತ್ತರ: ಇಲ್ಲ, ಇದು ಹಗಲಲ್ಲೇ ಚೆನ್ನಾಗಿ ಕಾಣುತ್ತದೆ. ನೇರ ನಿಂತ ಕಂಬಿಗಳ ಸಂದಿಯಲ್ಲಿ ಒಂದು ಕ್ಷಣಕ್ಕೆ ಪ್ರತಿ ಕಡ್ಡಿಯ ಒಂದು ತುಣುಕು ಮಾತ್ರ ಕಾಣುತ್ತದೆ. ಚಕ್ರ ಉರುಳುತ್ತಾ ಮುಂದೆ ಹೋದಂತೆ ತುಣುಕಿನ ಜಾಗ ಬದಲಾಗುತ್ತದೆ, ಕಣ್ಣು ಆ ತುಣುಕುಗಳನ್ನೆಲ್ಲ ಒಂದೇ ಗೆರೆಯಾಗಿ ಜೋಡಿಸಿಕೊಳ್ಳುತ್ತದೆ. ಪೀಟರ್ ಮಾರ್ಕ್ ರೋಜೆ ಎಂಬ ಇಂಗ್ಲಿಷ್ ವೈದ್ಯ 1824ರಲ್ಲೇ ಗಾಡಿಯ ಚಕ್ರದಲ್ಲಿ ಇದನ್ನು ಗಮನಿಸಿ, ಗಣಿತ ಸಮೇತ ವಿವರಿಸಿದ್ದ. ಅಚ್ಚಿನ ನೇರ ಮೇಲೆ, ನೇರ ಕೆಳಗೆ ಇರುವ ಕಡ್ಡಿಗಳು ಮಾತ್ರ ನೆಟ್ಟಗೆ ಉಳಿಯುತ್ತವೆ. ಎರಡೂ ಪಕ್ಕದವು ಕೆಳಕ್ಕೆ ಉಬ್ಬಿ ಬಾಗುತ್ತವೆ. ಮುಂದಿನ ಸಲ ಅದನ್ನೇ ಗುರಿಯಿಟ್ಟು ನೋಡಿ.

ಪ್ರಶ್ನೆ: ಒಂದು ಗುಡ್ಡದ ರಸ್ತೆಯಲ್ಲಿ ಏರಿನ ಕಡೆಗೆ ಮುಖ ಮಾಡಿ ಬ್ರೇಕ್ ಬಿಟ್ಟರೆ ಸೈಕಲ್ ತಾನಾಗಿ ಏರು ಹತ್ತುತ್ತದೆ! ನೆಲದಲ್ಲಿ ಅಯಸ್ಕಾಂತವಿದೆ ಎನ್ನುತ್ತಾರೆ. ಪರೀಕ್ಷಿಸುವುದು ಹೇಗೆ?

ಉತ್ತರ: ಮೊದಲು ಅಯಸ್ಕಾಂತದ ಮಾತು ಮುಗಿಸೋಣ. ಅಲ್ಯೂಮಿನಿಯಂ ಚೌಕಟ್ಟಿನ ಸೈಕಲ್, ರಬ್ಬರ್ ಚೆಂಡು, ಚೆಲ್ಲಿದ ನೀರು, ಎಲ್ಲವೂ ಅಲ್ಲಿ ಅದೇ ದಿಕ್ಕಿಗೆ ಹೋಗುತ್ತವೆ. ಇವುಗಳನ್ನು ಯಾವ ಅಯಸ್ಕಾಂತವೂ ಹಾಗೆ ಎಳೆಯಲಾರದು. ಲಡಾಖಿನಲ್ಲಿ ಲೇಹ್ ಹತ್ತಿರದ ಮ್ಯಾಗ್ನೆಟಿಕ್ ಹಿಲ್, ಸ್ಕಾಟ್ಲೆಂಡಿನ ಎಲೆಕ್ಟ್ರಿಕ್ ಬ್ರೇ, ಕೆನಡಾದ ಮಾಂಕ್ಟನ್ನಿನ ಗುಡ್ಡ ಇವೆಲ್ಲ ಇದೇ ಬಗೆಯ ಜಾಗಗಳು. ಅಲ್ಲಿ ರಸ್ತೆ ನಿಜಕ್ಕೂ ಇಳಿಜಾರು. ಏರು ಎಂದು ಕಾಣುತ್ತದೆ, ಅಷ್ಟೆ.

ಹಾಗೆ ಕಾಣುವುದು ಏಕೆಂದರೆ, ಅಡ್ಡಗೆರೆ ಯಾವುದು ಎಂದು ತೀರ್ಮಾನಿಸಲು ಕಣ್ಣಿಗೆ ದಿಗಂತ ಬೇಕು. ಸುತ್ತಲ ಗುಡ್ಡಗಳು ದಿಗಂತವನ್ನು ಮುಚ್ಚಿದರೆ ಅವುಗಳ ಓರೆ ಅಂಚನ್ನೇ ಕಣ್ಣು ಮಟ್ಟವೆಂದು ಹಿಡಿಯುತ್ತದೆ. ಇದಕ್ಕಿಂತ ಪ್ರಬಲವಾದದ್ದು ಪಕ್ಕದ ಇಳಿಜಾರು: ಕಡಿದಾದ ಇಳಿಜಾರಿನ ನಂತರ ಸೌಮ್ಯ ಇಳಿಜಾರು ಬಂದರೆ ಎರಡನೆಯದು ಏರಿನಂತೆ ತೋರುತ್ತದೆ. ಇಟಲಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇಜಿನ ಮೇಲೆ ಹಲಗೆಗಳ ಪುಟ್ಟ ರಸ್ತೆ ಮಾಡಿ ಇದೇ ಭ್ರಮೆಯನ್ನು ಮರುಸೃಷ್ಟಿಸಿದ್ದರು.

ಇನ್ನು ಅಳತೆ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರದಲ್ಲಿ ಹಲವು ಮೀಟರ್ ತಪ್ಪಿರುತ್ತದೆ. ನೂರು ಮೀಟರ್ ಉದ್ದದ, ಒಂದೆರಡು ಮೀಟರ್ ಇಳಿಯುವ ರಸ್ತೆಗೆ ಅದು ಪ್ರಯೋಜನವಿಲ್ಲ. ಮೊಬೈಲಿನ ಮಟ್ಟ ನೋಡುವ ಆಪ್ ಅರ್ಧ ಡಿಗ್ರಿ ತಪ್ಪಿದರೂ ಶೇ 0.9ರ ಇಳಿಜಾರನ್ನು ಇಲ್ಲವೆನಿಸಿಬಿಡುತ್ತದೆ. ಆಪ್ ಬಳಸಲೇಬೇಕೆಂದರೆ ಒಮ್ಮೆ ನೋಡಿ, ಮೊಬೈಲನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ಇಟ್ಟು ಮತ್ತೊಮ್ಮೆ ನೋಡಿ. ಆಗ ಎರಡು ಓದುಗಳ ನಡುವಿನ ವ್ಯತ್ಯಾಸದ ಅರ್ಧವೇ ನಿಜವಾದ ಓರೆ.

ನಾವು ಶಿಫಾರಸು ಮಾಡುವುದು ಗಾರೆ ಕೆಲಸದವರ ನೀರಿನ ಪೈಪು. 12 ಮೀಟರ್ ಉದ್ದದ ಪಾರದರ್ಶಕ ಸಣ್ಣ ಪೈಪಿಗೆ ನೀರು ತುಂಬಿಸಿ. ಒಂದು ತುದಿಯಲ್ಲಿ ಒಬ್ಬರು, 10 ಮೀಟರ್ ಆಚೆ ಇನ್ನೊಬ್ಬರು ಪೈಪನ್ನು ನೆಟ್ಟಗೆ ಹಿಡಿದು, ನೆಲದಿಂದ ನೀರಿನ ಮಟ್ಟಕ್ಕೆ ಎಷ್ಟು ಎತ್ತರ ಎಂದು ಅಳೆಯಿರಿ. ಒಂದು ಕಡೆ 40 ಸೆಂಟಿಮೀಟರ್, ಇನ್ನೊಂದು ಕಡೆ 60 ಬಂದರೆ, 60 ಬಂದ ಕಡೆ ನೆಲ 20 ಸೆಂಟಿಮೀಟರ್ ತಗ್ಗು, ಅಂದರೆ ಶೇ 2ರ ಇಳಿಜಾರು. ಎರಡು ತಪ್ಪುಗಳು ಸಾಮಾನ್ಯ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ತುದಿಯನ್ನು ಬೆರಳಿಂದ ಮುಚ್ಚಿ ಹಿಡಿದು ಅಳೆದರೂ ಅಷ್ಟೇ. ಎರಡೂ ತುದಿ ತೆರೆದಿರಬೇಕು, ನೀರು ಅಲುಗಾಡುವುದು ನಿಲ್ಲಬೇಕು.

ಗಾಳಿ ಸರಿಯಾಗಿ ತುಂಬಿದ ಟೈರು ನಯವಾದ ಡಾಂಬರಿನ ಮೇಲೆ ತಾನಾಗಿ ಉರುಳಲು ಸುಮಾರು ಶೇ 0.5ಕ್ಕಿಂತ ಹೆಚ್ಚಿನ ಇಳಿಜಾರು ಬೇಕು. ಟೈರು ಮೆತ್ತಗಿದ್ದರೆ ಇನ್ನಷ್ಟು. ನಿಮ್ಮ ಅಳತೆ ಇದಕ್ಕಿಂತ ಕಡಿಮೆ ಬಂದು, ಆದರೂ ಸೈಕಲ್ ಉರುಳುತ್ತಿದ್ದರೆ ಹಿಂಗಾಳಿ ಇದೆಯೇ ಎಂದು ಒಂದು ಚಿಟಿಕೆ ಧೂಳು ಉದುರಿಸಿ ನೋಡಿ. ಇದರ ತದ್ವಿರುದ್ಧವೂ ಉಂಟು: ಇಳಿಜಾರಿನಂತೆ ಕಾಣುವ ಕಡೆ ತುಳಿದು ತುಳಿದು ಸುಸ್ತಾಗುವುದು. ಕಾಲನ್ನು ದೂರುವ ಮೊದಲು ಚಕ್ರವನ್ನು ಎತ್ತಿ ತಿರುಗಿಸಿ, ಬ್ರೇಕ್ ಉಜ್ಜುತ್ತಿದೆಯೇ ನೋಡಿ. ಉಜ್ಜುತ್ತಿಲ್ಲವೆಂದರೆ ಅಲ್ಲಿ ಬಹುಶಃ ನಿಜವಾಗಿಯೂ ಏರು ಇದೆ.

ಪ್ರಶ್ನೆ: ಬೆಳಗಿನ ಸವಾರಿಯಲ್ಲಿ ಹುಲ್ಲಿನ ಮೇಲೆ ಬಿದ್ದ ನನ್ನ ನೆರಳಿನ ತಲೆಯ ಸುತ್ತ ಬೆಳ್ಳನೆಯ ಪ್ರಭೆ ಕಂಡಿತು. ಜತೆಗಿದ್ದವಳು “ಅದಿರೋದು ನನ್ನ ತಲೆಗೆ, ನಿನಗಲ್ಲ” ಎಂದಳು. ಯಾರು ಸರಿ?

ಉತ್ತರ: ಇಬ್ಬರೂ ಸರಿ. ಹುಲ್ಲಿನೆಳೆಯ ಮೇಲಿನ ಇಬ್ಬನಿಯ ದುಂಡು ಹನಿ ಪುಟ್ಟ ಮಸೂರದಂತೆ ಬಿಸಿಲನ್ನು ತನ್ನ ಹಿಂದಿನ ಎಲೆಯ ಮೇಲೆ ಒಟ್ಟುಗೂಡಿಸುತ್ತದೆ. ಅಲ್ಲಿಂದ ಚದುರಿದ ಬೆಳಕು ಅದೇ ಹನಿಯ ಮೂಲಕ ಹೆಚ್ಚುಕಡಿಮೆ ಬಂದ ದಾರಿಯಲ್ಲೇ ಸೂರ್ಯನತ್ತ ಮರಳುತ್ತದೆ. ಆ ಬೆಳಕಿನ ದಾರಿಯಲ್ಲಿರುವುದು ನಿಮ್ಮ ತಲೆ, ಆದ್ದರಿಂದ ಪ್ರಭೆ ನಿಮಗೆ ನಿಮ್ಮ ತಲೆಯ ನೆರಳಿನ ಸುತ್ತಲೇ ಕಾಣಬೇಕು. ಅವರಿಗೆ ಅವರದು. ಜರ್ಮನ್ನರು ಇದನ್ನು ‘ಪವಿತ್ರ ಪ್ರಭೆ’ ಎಂಬರ್ಥದಲ್ಲಿ ಹೈಲಿಗೆನ್‌ಶೈನ್ ಎನ್ನುತ್ತಾರೆ. 16ನೇ ಶತಮಾನದ ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲಿನಿ ತನ್ನ ನೆರಳಿಗೆ ಕಂಡ ಈ ಬೆಳಕನ್ನು ದೇವರ ಕೃಪೆಯೆಂದೇ ನಂಬಿದ್ದ.

ನೋಡಲು ಬೇಕಾದದ್ದು ದಟ್ಟ ಇಬ್ಬನಿ, ಬೆನ್ನಿಗೆ ಬಿಸಿಲು, ಸೂರ್ಯ ಇನ್ನೂ ತಗ್ಗಿನಲ್ಲಿರುವ ಹೊತ್ತು. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದರೆ ತಲೆಯ ನೆರಳು ಹತ್ತು ಮೀಟರಿನಷ್ಟು ದೂರ ಬೀಳುತ್ತದೆ, ಪ್ರಭೆ ಎದ್ದು ಕಾಣುತ್ತದೆ. ನಿಂತು ನೋಡುವುದಕ್ಕಿಂತ ಸಾಗುತ್ತಾ ನೋಡಿದರೆ ಇನ್ನೂ ಸ್ಪಷ್ಟ: ಹುಲ್ಲಿನ ಏರುಪೇರುಗಳೆಲ್ಲ ಓಟದಲ್ಲಿ ಕಲಸಿಹೋಗಿ, ನಿಮ್ಮ ಜತೆಗೇ ಬರುವ ಬೆಳಕೊಂದೇ ಉಳಿಯುತ್ತದೆ. ಫೋಟೊ ತೆಗೆಯುವಾಗ ಮೊಬೈಲನ್ನು ಎದೆಯ ಹತ್ತಿರ ಹಿಡಿದು ನೋಡಿ. ಚಿತ್ರದಲ್ಲಿ ಪ್ರಭೆ ತಲೆಗಲ್ಲ, ಎದೆಗೆ ಬಂದಿರುತ್ತದೆ. ಏಕೆಂದರೆ ಈಗ ನೋಡುತ್ತಿರುವ ‘ಕಣ್ಣು’ ಮೊಬೈಲಿನದು.

ಪ್ರಶ್ನೆ: ಬಯಲಿನಲ್ಲಿ ಹೋಗುವಾಗ ಮೋಡ ಕವಿದು ತೋಳಿನ ಕೂದಲೆಲ್ಲ ನೆಟ್ಟಗೆ ನಿಂತವು. ಟೈರು ರಬ್ಬರಿನದಲ್ಲವೇ, ಸೈಕಲ್ ಮೇಲಿದ್ದರೆ ಕ್ಷೇಮವೇ?

ಉತ್ತರ: ಅಲ್ಲ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬರುವ ಸಿಡಿಲಿಗೆ ಅಂಗೈಯಗಲದ ರಬ್ಬರ್ ಯಾವ ತಡೆಯೂ ಅಲ್ಲ. ಕೂದಲು ನಿಂತಿತೆಂದರೆ ಸಿಡಿಲು ಯಾವ ಕ್ಷಣದಲ್ಲಾದರೂ ಅಲ್ಲೇ ಬೀಳಬಹುದು. ಕಟ್ಟಡವೋ ಗಟ್ಟಿ ಲೋಹದ ಚಾವಣಿಯ ಮುಚ್ಚಿದ ವಾಹನವೋ ಹತ್ತಿರವಿದ್ದರೆ ತಕ್ಷಣ ಅಲ್ಲಿಗೆ ಓಡಿ. ಇಲ್ಲವಾದರೆ ಸೈಕಲ್ ಬಿಟ್ಟು ದೂರ ಸರಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಪಾದಗಳನ್ನು ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ; ನೆಲದ ಮೇಲೆ ಮಲಗಬೇಡಿ. ಇದು ಅಪಾಯವನ್ನು ತುಸು ತಗ್ಗಿಸುವ ಕೊನೆಯ ದಾರಿ ಮಾತ್ರ. ಗುಂಪಿನಲ್ಲಿದ್ದರೆ ಚದುರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಹೊರಡಬೇಡಿ.

ಪ್ರಶ್ನೆ: ತಲೆಗೆ ದೀಪ ಕಟ್ಟಿಕೊಂಡು ರಾತ್ರಿ ಹೋಗುವಾಗ ಪಕ್ಕದ ಹುಲ್ಲಿನಲ್ಲಿ ಹಸಿರು ಚುಕ್ಕಿಗಳು ಮಿನುಗುತ್ತವೆ. ಹ್ಯಾಂಡಲ್ ದೀಪ ಮಾತ್ರ ಹಾಕಿದಾಗ ಒಂದೂ ಕಾಣುವುದಿಲ್ಲ. ಏನವು?

ಉತ್ತರ: ಬಹುಪಾಲು ಜೇಡಗಳ ಕಣ್ಣುಗಳು. ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ತೋಳಜೇಡದ ಎಂಟು ಕಣ್ಣುಗಳಲ್ಲಿ ಕೆಲವಕ್ಕೆ, ಬೆಕ್ಕಿನ ಕಣ್ಣಿನಲ್ಲಿರುವಂತೆ, ಒಳಗೆ ಕನ್ನಡಿಯಂಥ ಪದರವಿರುತ್ತದೆ. ಅದು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ದೀಪ ನಿಮ್ಮ ಕಣ್ಣಿನ ಪಕ್ಕದಲ್ಲೇ ಇದ್ದರೆ ಆ ಹೊಳಪು ನಿಮಗೆ ಸಿಗುತ್ತದೆ. ಹ್ಯಾಂಡಲ್ ಮೇಲಿದ್ದರೆ ಅದು ಹ್ಯಾಂಡಲ್ಲಿಗೇ ಮರಳುತ್ತದೆ. ಇಬ್ಬನಿಯ ಹನಿಯೂ ಹೊಳೆಯಬಹುದು, ಆದರೆ ತಲೆ ಅಲುಗಿಸಿದರೆ ಅದರ ಬಣ್ಣ ಬದಲಾಗುತ್ತದೆ. ಜೇಡದ ಕಣ್ಣು ಒಂದೇ ಬಣ್ಣದಲ್ಲಿ ಹೊಳೆದು, ಜೇಡ ತಿರುಗಿದೊಡನೆ ಥಟ್ಟನೆ ಆರುತ್ತದೆ. ಒಂದೇ ಕಡೆ ಹತ್ತಾರು ಸಣ್ಣ ಮಿನುಗು ಒಟ್ಟಿಗೆ ಕಂಡರೆ ಅದು ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿ. ನೋಡಲೇಬೇಕಾದ ನೋಟ.

ದೊಡ್ಡ ಪ್ರಾಣಿಗಳ ವಿಚಾರವೂ ತಿಳಿದಿರಲಿ. ಮೊಣಕಾಲಿಗಿಂತ ಎತ್ತರದಲ್ಲಿ, ಅಂತರವಿರುವ ಎರಡು ಹೊಳಪು ಕಂಡರೆ ನಿಧಾನಿಸಿ, ದೀಪವನ್ನು ನೆಲಕ್ಕೆ ಬಾಗಿಸಿ. ಕಣ್ಣು ಕೋರೈಸಿದ ಪ್ರಾಣಿ ದಾರಿ ಬಿಡುವುದಿಲ್ಲ. ಹಂದಿಯ ಕಣ್ಣಿನಲ್ಲಿ ಈ ಕನ್ನಡಿಪದರವೇ ಇಲ್ಲ. ಹೊಳಪು ಕಾಣಲಿಲ್ಲವೆಂದ ಮಾತ್ರಕ್ಕೆ ಕತ್ತಲಲ್ಲಿ ಏನೂ ಇಲ್ಲ ಎಂದುಕೊಳ್ಳುವಂತಿಲ್ಲ.

ಪ್ರಶ್ನೆ: ನಿಲ್ಲಿಸಿದ್ದ ಸೈಕಲ್ಲಿನ ಸೀಟಿನ ಕೆಳಗೆ ಅರ್ಧ ಗಂಟೆಯಲ್ಲಿ ಜೇನಿನ ದೊಡ್ಡ ಹಿಂಡು ಜೋತುಬಿದ್ದಿತ್ತು. ಏನು ಮಾಡಬೇಕಿತ್ತು?

ಉತ್ತರ: ಕಾಯಬೇಕಿತ್ತು. ಅದು ಗೂಡಲ್ಲ, ತಂಗುದಾಣ. ಹಳೆಯ ಗೂಡು ತುಂಬಿದಾಗ ರಾಣಿಯೊಂದಿಗೆ ದೊಡ್ಡ ಪಾಲು ನೊಣಗಳು ಹೊರಟು, ದಾರಿಯಲ್ಲಿ ರಾಣಿ ಕೂತಲ್ಲಿ ಗೊಂಚಲುಗಟ್ಟುತ್ತವೆ. ಕೆಲವು ನೊಣಗಳು ಹೊಸ ಜಾಗ ಹುಡುಕಿ ಬಂದು, ಗೊಂಚಲಿನ ಮೇಲೆಯೇ ಕುಣಿದು ದಿಕ್ಕು, ದೂರ ತಿಳಿಸುತ್ತವೆ. ತೀರ್ಮಾನವಾಗಲು ಕೆಲವು ಗಂಟೆ ಬೇಕಾಗಬಹುದು, ಒಮ್ಮೊಮ್ಮೆ ಒಂದೆರಡು ದಿನ. ಕಾಯಲು ಮೊಟ್ಟೆಮರಿಗಳಿಲ್ಲ, ಹೊಟ್ಟೆ ತುಂಬ ಜೇನು ಕುಡಿದಿರುತ್ತವೆ. ಕೆಣಕದಿದ್ದರೆ ಸಾಮಾನ್ಯವಾಗಿ ಕಚ್ಚುವುದಿಲ್ಲ. ಆದರೆ ಹೆಜ್ಜೇನಾಗಿದ್ದರೆ ಈ ಮಾತನ್ನು ನಂಬಿ ಹತ್ತಿರ ಹೋಗಬೇಡಿ.

ನೀರು ಎರಚುವುದು, ಹೊಗೆ ಹಾಕುವುದು, ಕೀಟನಾಶಕ ಸಿಂಪಡಿಸುವುದು, ಸೈಕಲ್ ಅಲುಗಿಸುವುದು ಎಲ್ಲವೂ ತಪ್ಪು. ತುರ್ತಾಗಿ ಸೈಕಲ್ ಬೇಕಿದ್ದರೆ ಜೇನು ಸಾಕುವವರನ್ನು ಕರೆಸಿ, ಅವರು ಹಿಂಡನ್ನು ಪೆಟ್ಟಿಗೆಗೆ ತುಂಬಿಕೊಳ್ಳುತ್ತಾರೆ. ಹಿಂಡು ಹೋದ ಮೇಲೂ ವಾಸನೆ ಉಳಿದು ಕೆಲವು ನೊಣ ಅಲ್ಲೇ ಸುತ್ತುತ್ತವೆ. ಸಂಜೆ ಸೋಪಿನ ನೀರಲ್ಲಿ ಸೀಟು ಒರೆಸಿ. ಕಚ್ಚಿದರೆ ಮುಳ್ಳನ್ನು ಆದಷ್ಟು ಬೇಗ ಕಿತ್ತುಹಾಕಿ. ಉಗುರಿನಿಂದ ಕೆರೆದರೂ ಸರಿ, ಎಳೆದರೂ ಸರಿ, ತಡವಾಗಬಾರದು. ವಿಷದ ಚೀಲ ಅದಕ್ಕೆ ಅಂಟಿಕೊಂಡು ವಿಷ ಇಳಿಸುತ್ತಲೇ ಇರುತ್ತದೆ. ಉಸಿರು ಕಟ್ಟಿದರೆ, ನಾಲಗೆ ಅಥವಾ ಗಂಟಲು ಊದಿದರೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸೂರ್ಯ ಮುಳುಗಿ ಒಂದು ಗಂಟೆಯಾಗಿತ್ತು. ಆಕಾಶದಲ್ಲಿ ಹತ್ತಾರು ದೀಪಗಳು ಸಾಲುಗಟ್ಟಿ ಸದ್ದಿಲ್ಲದೆ ಹೋದವು. ವಿಮಾನಗಳೇ?

ಉತ್ತರ: ಉಪಗ್ರಹಗಳು. 2019ರ ಮೇ ತಿಂಗಳಿಂದ ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಗೊಂಚಲಾಗಿ ಹಾರಿಸುತ್ತಿದ್ದಾರೆ. ಮೊದಲ ಸಲ ಹೋದದ್ದು 60. ಹಾರಿಸಿದ ಮೊದಲ ಕೆಲವು ದಿನ ಅವು ಒಂದರ ಹಿಂದೊಂದು ಸಾಗಿ, ಆಮೇಲೆ ಚದುರುತ್ತವೆ. ನಿಮಗೆ ಕತ್ತಲಾಗಿದ್ದರೂ ಆ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಹೊಳಪು ಅದರದು. ಸಾಲು ನಡು ಆಕಾಶದಲ್ಲಿ ಒಂದೊಂದಾಗಿ ಮಾಯವಾದರೆ ಅವು ಭೂಮಿಯ ನೆರಳನ್ನು ಹೊಕ್ಕವು ಎಂದರ್ಥ.

ಪ್ರಶ್ನೆ: ಕೆಸರು ದಾರಿಯಲ್ಲಿ ಸೈಕಲ್ಲಿನ ಎರಡು ಗುರುತುಗಳು ಹಾವಿನಂತೆ ಹೆಣೆದುಕೊಂಡಿದ್ದವು. ಸೈಕಲ್ ಯಾವ ಕಡೆ ಹೋಗಿದೆ ಎಂದು ಹೇಳಲು ಸಾಧ್ಯವೇ?

ಉತ್ತರ: ಖಂಡಿತ. ಒಂದು ನೇರ ಕೋಲು ಮತ್ತು ಟೇಪು ಸಾಕು. ಮೊದಲು ಹಿಂದಿನ ಚಕ್ರದ ಗುರುತು ಯಾವುದೆಂದು ಪತ್ತೆ ಮಾಡಿ. ಗುರುತುಗಳು ಒಂದನ್ನೊಂದು ದಾಟುವಲ್ಲಿ ಮೇಲೆ ಬಿದ್ದಿರುವುದು ಹಿಂದಿನ ಚಕ್ರದ್ದು, ಅದು ನಂತರ ಬಂದದ್ದರಿಂದ. ಭಾರ ಹೆಚ್ಚು ಹೊರುವುದೂ ಅದೇ, ಹಾಗಾಗಿ ಸಾಮಾನ್ಯವಾಗಿ ಹೆಚ್ಚು ಆಳ. ಬಳುಕು ಮಾತ್ರ ಕಡಿಮೆ.

ಹಿಂದಿನ ಚಕ್ರ ಚೌಕಟ್ಟಿಗೆ ಬಿಗಿದುಕೊಂಡಿರುವುದರಿಂದ ಅದು ಯಾವಾಗಲೂ ಮುಂದಿನ ಚಕ್ರ ನೆಲ ಮುಟ್ಟುವ ಜಾಗದತ್ತಲೇ ಮುಖ ಮಾಡಿರುತ್ತದೆ. ಎರಡರ ನಡುವಿನ ದೂರವೂ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಬಹಳಷ್ಟು ಸೈಕಲ್‌ಗಳಲ್ಲಿ ಸುಮಾರು ಒಂದು ಮೀಟರ್. ಗುರುತು ಬಾಗಿರುವ ಕಡೆ, ಹಿಂದಿನ ಚಕ್ರದ ಗೆರೆಗೆ ಒಂದು ಬಿಂದುವಿನಲ್ಲಿ ಮಾತ್ರ ತಾಗುವಂತೆ ಕೋಲಿಡಿ. ಆ ಬಿಂದುವಿನಿಂದ ಕೋಲಿನ ನೇರಕ್ಕೆ ಎರಡೂ ದಿಕ್ಕಿನಲ್ಲಿ ಮುಂದಿನ ಚಕ್ರದ ಗೆರೆ ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಅಳೆಯಿರಿ. ಹೀಗೆ ಮೂರು ನಾಲ್ಕು ಜಾಗಗಳಲ್ಲಿ ಮಾಡಿ. ಯಾವ ದಿಕ್ಕಿನಲ್ಲಿ ಅಳತೆ ಪ್ರತಿ ಸಲವೂ ಒಂದೇ ಬರುತ್ತದೋ ಸೈಕಲ್ ಹೋದದ್ದು ಆ ಕಡೆ. ಇನ್ನೊಂದು ದಿಕ್ಕಿನಲ್ಲಿ ಅಳತೆ ಒಮ್ಮೆ 60 ಸೆಂಟಿಮೀಟರ್, ಒಮ್ಮೆ 140 ಎಂಬಂತೆ ಚೆಲ್ಲಾಪಿಲ್ಲಿಯಾಗಿರುತ್ತದೆ.

ಟೈರಿನ ಅಚ್ಚಿನ ಬಾಣದ ಗುರುತನ್ನು ನಂಬಬೇಡಿ, ಟೈರನ್ನು ಹಿಂದುಮುಂದಾಗಿ ಹಾಕುವುದು ತೀರಾ ಸಾಮಾನ್ಯ. ನೆಟ್ಟಗೆ ಹೋದ ಕಡೆ ಎರಡು ಗೆರೆಗಳೂ ಒಂದರ ಮೇಲೊಂದು ಬೀಳುವುದರಿಂದ ಈ ಲೆಕ್ಕ ನಡೆಯುವುದಿಲ್ಲ. ಹಾಗಿದ್ದರೆ ಹತ್ತಿರದ ನೀರಿನ ಗುಂಡಿಯನ್ನು ಹುಡುಕಿ. ಒದ್ದೆ ಗೆರೆ ಗುಂಡಿಯ ಯಾವ ಕಡೆಯಿಂದ ಹೊರಟು ಕ್ರಮೇಣ ಮಾಸುತ್ತದೋ ಸವಾರ ಹೋದದ್ದು ಅತ್ತ.